ಸ್ವಂತ ವಾಕ್ಯದಲ್ಲಿ ‘ತಟಸ್ಥ’

ತೊಂಬತ್ತರ ದಶಕದ ಆ ದಿನಗಳಲ್ಲಿ ಭದ್ರಾವತಿ ಹಳೇನಗರದ ನಮ್ಮ ವಠಾರದ ಆರು ಮನೆಗೂ ಒಂದೇ ನಲ್ಲಿ. ಬೆಳಗಾದರೆ ಕೊಡಗಳ ಸದ್ದಿಗಿಂತ ಜಗಳದ ಸದ್ದೇ ಜೋರು. ಪಕ್ಕದ ಮನೆಯ ಸೆಲ್ವಿ ನನ್ನ ಜೀವದ ಗೆಳತಿ. ಒಂದೇ ಕ್ಲಾಸು, ಒಂದೇ ಬೆಂಚು. ಅವಳಮ್ಮ ತಮಿಳರ ಹುಳಿಸಾರು ಕೊಳಂಬಿಗೆ ಒಗ್ಗರಣೆ ಹಾಕಿದರೆ ಸಾಕು, ಕುಂಟೆಬಿಲ್ಲೆ ಆಟ ಅರ್ಧಕ್ಕೇ ಬಿಟ್ಟು ಅವರ ಮನೆಯಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದೆ.

ನಮ್ಮಿಬ್ಬರ ಅಪ್ಪಂದಿರಿಗೂ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಲ್ಲೊಂದು ಮೋಟಾರು ಸುಟ್ಟುಹೋಯಿತು. ಅದನ್ನು ಸುಟ್ಟವನು ಮಾಲೀಕರ ಭಾಮೈದ, ತಪ್ಪು ಬಿದ್ದದ್ದು ಸೆಲ್ವಿಯ ಅಪ್ಪ ಮುರುಗೇಶಣ್ಣನ ತಲೆಗೆ. ಕಣ್ಣಾರೆ ಕಂಡವರು ನಮ್ಮಪ್ಪ ಒಬ್ಬರೇ. ಅದನ್ನು ಅವರು ಅಮ್ಮನಿಗೆ ಪಿಸುದನಿಯಲ್ಲಿ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ.

ಭಾನುವಾರ ಸೆಲ್ವಿಯ ಅಮ್ಮ ನಮ್ಮ ಬಾಗಿಲಿಗೆ ಬಂದರು.

“ಅಣ್ಣಾ, ನಾಳೆ ಮಾಲೀಕ್ರು ವಿಚಾರಿಸ್ತಾರಂತೆ. ನೀವು ನೋಡಿದ್ದು ಹೇಳಿ, ಅಷ್ಟೇ ಸಾಕು.”

ಅಪ್ಪ ಪೇಪರ್ ಮಡಚಿದರು. “ನೋಡಮ್ಮ, ನಾನು ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ನಾನು ತಟಸ್ಥ.”

ಆಕೆ ಹೊರಟುಹೋದರು. ತಟಸ್ಥ ಎಂದರೇನೆಂದು ನಾನು ಅಪ್ಪನನ್ನು ಕೇಳಿದೆ.

“ಯಾರ ಪಕ್ಷನೂ ವಹಿಸ್ದೇ ಇರೋನು, ಮಗಳೇ. ದೊಡ್ಡ ಗುಣ ಅದು.”

“ಕಂಡಿದ್ದು ಹೇಳೋಕೆ ಯಾವ ಪಕ್ಷ ಬೇಕು ಮಾರಾಯ್ರೇ?” ಎಂದು ಅಮ್ಮ ಒಳಗಿನಿಂದಲೇ ಕೇಳಿದಳು. ಅಪ್ಪ ಮತ್ತೆ ಪೇಪರ್ ಬಿಡಿಸಿದರು.

ಸೋಮವಾರ ಅಪ್ಪ ತುಟಿ ಬಿಚ್ಚಲಿಲ್ಲ. ಮುರುಗೇಶಣ್ಣನ ಕೆಲಸ ಹೋಯಿತು.

ಅದೇ ವಾರ ಕನ್ನಡ ಮೇಷ್ಟ್ರು, ಹೊಸದಾಗಿ ಕಲಿತ ಪದವೊಂದನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದರು. ಬುದ್ಧಿಗೇಡಿ ನಾನು, ಎಲ್ಲರಿಗಿಂತ ಮೊದಲು ಎದ್ದು ನಿಂತೆ. “ನಮ್ಮ ತಂದೆಯವರು ಯಾವಾಗಲೂ ತಟಸ್ಥರಾಗಿರುತ್ತಾರೆ.” ಮೇಷ್ಟ್ರು ಭೇಷ್ ಎಂದು ಅರ್ಥವನ್ನೂ ಹೇಳಿಸಿದರು. ಅಪ್ಪ ಹೇಳಿಕೊಟ್ಟಂತೆಯೇ ಒಪ್ಪಿಸಿದೆ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು, ಸೆಲ್ವಿಯೊಬ್ಬಳನ್ನು ಬಿಟ್ಟು.

ಸಂಜೆ ದಾರಿಯಲ್ಲಿ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. “ನಿಮ್ಮಪ್ಪ ನೋಡಿದ್ರು ಅಲ್ವಾ? ನೀನಾದ್ರೂ ನಿಜ ಹೇಳೇ.”

“ನಂಗೇನೂ ಗೊತ್ತಿಲ್ಲ ಮಾರಾಯ್ತಿ. ದೊಡ್ಡೋರ ವಿಷ್ಯ.”

ಅವಳು ಕೈ ಬಿಟ್ಟಳು. ತಿಂಗಳು ತುಂಬುವಷ್ಟರಲ್ಲಿ ಅವರು ಮನೆ ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆಂದು ನಮಗೆ ಹೇಳಲಿಲ್ಲ.

ಆಮೇಲೆ ಗೆಳತಿಯರು ಬೇಕಾದಷ್ಟು ಸಿಕ್ಕರು. ಅವಳಷ್ಟು ನನ್ನನ್ನು ನಂಬಿ ಕೇಳಿದವರು ಯಾರೂ ಇಲ್ಲ. ಅಪ್ಪನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೂ ಅವರಿಗೆ ಕೆಲಸ ಕಳೆದುಕೊಳ್ಳುವ ಭಯವಿತ್ತು. ಹನ್ನೆರಡು ವರ್ಷದ ನನಗೆ ಕಳೆದುಕೊಳ್ಳಲು ಇದ್ದದ್ದು ಸೆಲ್ವಿಯೊಬ್ಬಳೇ.