ಗುಂಡಿಯಮ್ಮನ ಎರಡು ಹಲ್ಲು

ಬೀದಿಯವರೆಲ್ಲ ಅವಳನ್ನು ಗುಂಡಿಯಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನೆರೆಮನೆಯವರ ಅಂಗಿಗೆ ಬಿದ್ದುಹೋದ ಗುಂಡಿ ಹೊಲಿದುಕೊಡುತ್ತ ಶುರುವಾದ ಕಸುಬು. ಮೂವತ್ತು ವರ್ಷದಲ್ಲಿ ಅದು ನರ್ಸಿಂಗ್ ಶಾಲೆಯ ಹುಡುಗಿಯರ ಬಿಳಿ ಕೋಟು ಹೊಲಿಯುವಷ್ಟಕ್ಕೆ ಬೆಳೆದಿದ್ದರೂ ಹೆಸರು ಮಾತ್ರ ಗುಂಡಿಯ ಹತ್ತಿರವೇ ನಿಂತುಬಿಟ್ಟಿತ್ತು. ಹೊಲಿಗೆ ಯಂತ್ರ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿ ಕೂತರೆ ಒಂದು ಕಿವಿಯನ್ನು ಕುಕ್ಕರಿನ ಕಡೆ, ಇನ್ನೊಂದನ್ನು ಕರೆಗಂಟೆಯ ಕಡೆ ಇಟ್ಟು ಹೊಲಿಯಬಹುದು. ಹಾಗೆಂದೇ ಮೇಷ್ಟ್ರು ಆ ಜಾಗ ಗೊತ್ತುಮಾಡಿದ್ದರು.

ಮೇಷ್ಟ್ರು ಅವಳ ಗಂಡ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಇವರಿಬ್ಬರಲ್ಲದೆ ಒಬ್ಬಳು ಮಗಳು, ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಷ್ಟೇ ಸಂಸಾರ.

ಗುಂಡಿಯಮ್ಮನಿಗೆ ಬಾಯಿಯೇ ಮೂರನೆಯ ಕೈ. ಗುಂಡುಸೂಜಿಗಳನ್ನು ತುಟಿಯಲ್ಲಿ ಸಾಲಾಗಿ ಕಚ್ಚಿಕೊಂಡು ಅಂಚು ಮಡಿಸುವಳು. ಕತ್ತರಿಗೆ ಕೈ ಚಾಚುವ ಬದಲು ನೂಲನ್ನು ಹಲ್ಲಿನಲ್ಲೇ ಕಟಕ್ಕೆಂದು ಕಡಿಯುವಳು. ಮೇಲಿನ ಎರಡು ಮುಂದಿನ ಹಲ್ಲುಗಳಲ್ಲಿ ನೂಲು ಓಡಿ ಓಡಿ ಸಣ್ಣ ಕಚ್ಚು ಬಿದ್ದಿತ್ತು. "ಅಮ್ಮನ ಹತ್ರ ಜಗಳ ಆಡೋದಾದ್ರೆ ಬಾಯಲ್ಲಿ ಸೂಜಿ ಇರುವಾಗಲೇ ಆಡ್ಬೇಕು, ಆಗ ಮಾತ್ರ ಗೆಲ್ಬಹುದು" ಎಂದು ಮಗಳು ನಗುತ್ತಿದ್ದಳು.

ಆ ವರ್ಷ ಮೇಷ್ಟ್ರಿಗೆ ಕೆಳಗಿನ ದವಡೆಯಲ್ಲಿ ಬಿದ್ದ ಹಲ್ಲುಗಳ ಜಾಗಕ್ಕೆ ಬ್ರಿಜ್ ಎಂಬ ಕಟ್ಟುಹಲ್ಲು ಕೂಡಿಸಿದರು. ಅದರ ಅಡಿಗೆ ಬ್ರಷ್ಷು ಹೋಗುವುದಿಲ್ಲ, ಅನ್ನದ ಅಗುಳು ಸಿಕ್ಕಿಕೊಂಡರೆ ಒಸಡು ಕೊಳೆಯುತ್ತದೆ, ನೀರನ್ನು ಸಣ್ಣ ಧಾರೆಯಾಗಿ ಚಿಮ್ಮಿಸುವ ವಾಟರ್ ಫ್ಲಾಸರ್ ಇಟ್ಟುಕೊಳ್ಳಿ ಎಂದಿದ್ದಳು ಹಲ್ಲಿನ ಡಾಕ್ಟರಮ್ಮ. ಮಗಳು ತಂದಳು. ಅದಕ್ಕೆ ಮನೆಯಲ್ಲಿ ಹಲ್ಲಿನ ಪಂಪು ಎಂದು ಹೆಸರಾಯಿತು.

ಪಂಪು ಮೇಷ್ಟ್ರದು, ಅದರ ಚಾಕರಿ ಗುಂಡಿಯಮ್ಮನದು. ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ ನೀರು ಉಗುರುಬೆಚ್ಚಗೆ ಮಾಡಿ ತುಂಬಬೇಕು. ತಣ್ಣಗಿದ್ದರೆ "ಹಲ್ಲು ಜುಮ್ ಅಂತು, ಸಾಯಿಸ್ತೀಯೇನೇ?" ಎಂದು ಕೂಗು, ಬಿಸಿಯಾದರೆ ಅದಕ್ಕಿಂತ ದೊಡ್ಡ ಕೂಗು. ಮೊದಲ ದಿನ ಅವರು ಬಾಯಿ ಅಗಲವಾಗಿ ತೆರೆದು ಗುಂಡಿ ಒತ್ತಿ, ಕನ್ನಡಿ, ಗೋಡೆ, ತಮ್ಮ ಕನ್ನಡಕ ಎಲ್ಲಕ್ಕೂ ಸ್ನಾನ ಮಾಡಿಸಿ, "ಇದು ಮನುಷ್ಯರು ಮಾಡೋ ಕೆಲಸ ಅಲ್ಲ, ನೀನೇ ಹಿಡಿ" ಎಂದು ಅವಳ ಕೈಗೆ ಕೊಟ್ಟರು. ಅವಳು ಜೊತೆಗೆ ಬಂದ ಪುಸ್ತಕವನ್ನು ಸೂಜಿಗೆ ನೂಲು ಪೋಣಿಸುವ ಕನ್ನಡಕ ಹಾಕಿಕೊಂಡು ಓದಿದ್ದಳು. "ಬೇಸಿನ್ ಮೇಲೆ ಬಗ್ಗಿ, ರೀ. ತುಟಿ ಅರ್ಧ ಮುಚ್ಚಿ. ನೀರು ತಾನಾಗೇ ಸೋರಿಹೋಗ್ಲಿ, ನುಂಗ್ಬೇಡಿ" ಎನ್ನುತ್ತ ಹಿಂದಿನ ಹಲ್ಲಿನಿಂದ ಹಿಡಿದು ಒಸಡಿನ ಅಂಚಿನಲ್ಲೇ ಧಾರೆಯನ್ನು ನಡೆಸಿದಳು, ಎರಡು ಹಲ್ಲಿನ ಸಂದು ಬಂದಲ್ಲೆಲ್ಲ ಕ್ಷಣ ನಿಂತು ಮುಂದೆ ಹೋದಳು. ಅಂಚು ಹೊಲಿಯುವ ಕೈಗೆ ಅದೇನು ಕಷ್ಟ? ಆಮೇಲೆ ಅದು ಅವಳ ಕೆಲಸವೇ ಆಗಿಹೋಯಿತು. ಮುಗಿದ ಮೇಲೆ ಉಳಿದ ನೀರು ಚೆಲ್ಲಿ, ಡಬ್ಬಿ ಒರೆಸಿ, ಕನ್ನಡಿಯ ಹನಿ ಒರೆಸಿ, ನೀರು ಚಿಮ್ಮುವ ಮೂತಿ ಕಳಚಿ ಒಣಗಿಸುವುದೂ.

ಒಂದು ಮಧ್ಯಾಹ್ನ ಬಿಳಿ ಕೋಟಿಗೆ ಜೇಬು ಕೂಡಿಸುವಾಗ ಸೂಜಿ ಬೆರಳಿಗೆ ಚುಚ್ಚಿತು. ಜೇಬಿನ ಮೇಲೆ ಸಾಸಿವೆಯಷ್ಟು ರಕ್ತ. ಹೊಲಿಗೆಯವರಿಗೆ ಇದಕ್ಕೊಂದು ಉಪಾಯ ಗೊತ್ತು: ಬಿಳಿ ನೂಲಿನ ತುಂಡನ್ನು ಬಾಯಲ್ಲಿ ಅಗಿದು, ಆ ಎಂಜಲಿನ ನೂಲಿನಿಂದ ಕಲೆಯನ್ನು ಒತ್ತುವುದು. ತನ್ನ ರಕ್ತದ ಕಲೆ ತನ್ನ ಎಂಜಲಿಗೆ ಹೋಗುತ್ತದೆ ಎಂದು ಕಸುಬು ಕಲಿಸಿದ ಮುದುಕಿ ಹೇಳಿದ್ದಳು. ಮೂವತ್ತು ವರ್ಷ ಅದು ಸುಳ್ಳಾಗಿರಲಿಲ್ಲ. ಗುಂಡಿಯಮ್ಮ ನೂಲು ಅಗಿದು ಕಲೆಯ ಮೇಲೆ ಒತ್ತಿದಳು. ಕಲೆ ಹೋಗಲಿಲ್ಲ. ಸುತ್ತ ತೆಳು ಗುಲಾಬಿ ಬಣ್ಣ ಹರಡಿತು. ಬೆರಳಲ್ಲಿದ್ದ ನೂಲನ್ನು ಬೆಳಕಿಗೆ ಹಿಡಿದಳು. ನೂಲೇ ಕೆಂಪಾಗಿತ್ತು.

ಜೇಬು ಬಿಚ್ಚಿ, ಹೊಸ ಬಟ್ಟೆ ಕತ್ತರಿಸಿ ಬೇರೆ ಜೇಬು ಹೊಲಿದಳು.

ಹೊಸ ಸಂಗತಿಯೇನೂ ಅಲ್ಲ ಅದು. ಎರಡು ವರ್ಷದಿಂದ ಹಲ್ಲುಜ್ಜುವಾಗ ಮುಂದಿನ ಒಸಡಿನಲ್ಲಿ ರಕ್ತ ಬರುತ್ತಿತ್ತು. ಗಾಯ ಕೆದಕಬಾರದು ಎಂಬುದು ಅವಳ ಲೆಕ್ಕ. ಅಲ್ಲಿ ಬ್ರಷ್ಷು ತಾಗಿಸದೆ, ಸುತ್ತು ಹಾಕಿಕೊಂಡು ಉಜ್ಜುವುದನ್ನು ರೂಢಿ ಮಾಡಿಕೊಂಡಿದ್ದಳು. ಮಕ್ಕಳ ತರಚು ಮಂಡಿಯಂತೆ ತಾನಾಗಿ ಮಾಯುತ್ತದೆ ಎಂದುಕೊಂಡಿದ್ದಳು. ಮಾಯಲಿಲ್ಲ. ಒಸಡು ಹಲ್ಲಿನಿಂದ ಬಿಟ್ಟುಕೊಂಡು, ಒಗೆದು ಒಗೆದು ಸಡಿಲವಾದ ಕಾಲರಿನ ಹಾಗೆ ನಿಂತಿತು.

ಮೇಷ್ಟ್ರ ತಪಾಸಣೆಯ ದಿನ ಅವಳೂ ಹೋಗಿದ್ದಳು, ಎಂದಿನಂತೆ ಚೀಲ ಹಿಡಿದುಕೊಂಡು. ಡಾಕ್ಟರಮ್ಮ ಅವರ ಬಾಯೊಳಗೆ ದೀಪ ಬಿಟ್ಟು ನೋಡಿ ಹಿಗ್ಗಿದಳು. "ಸಾರ್, ನಿಮ್ಮಷ್ಟು ಶಿಸ್ತಿನವರನ್ನ ನಾನು ನೋಡೇ ಇಲ್ಲ. ಒಸಡು ಎಷ್ಟು ಗಟ್ಟಿಯಾಗಿದೆ! ಧಾರೆಯ ಜೋರು ಎಷ್ಟರಲ್ಲಿ ಇಟ್ಕೊಳ್ತೀರಿ?"

ಮೇಷ್ಟ್ರು ಬಾಯಿ ಒರೆಸಿಕೊಂಡು ಹೆಂಡತಿಯತ್ತ ತಿರುಗಿದರು. "ಎಷ್ಟರಲ್ಲೇ ಇಡೋದು ನಾವು?"

"ಮೂರರಲ್ಲಿ" ಎಂದಳು ಅವಳು. "ಬ್ರಿಜ್ ಹತ್ರ ಬಂದಾಗ ಎರಡಕ್ಕೆ ಇಳಿಸ್ತೀನಿ."

ಡಾಕ್ಟರಮ್ಮ ಉತ್ತರವನ್ನು ಕೇಳಿದ್ದಕ್ಕಿಂತ ಹೆಚ್ಚಾಗಿ ಉತ್ತರ ಬಂದ ಬಾಯನ್ನು ನೋಡಿದಳು. "ಅಮ್ಮಾ, ನೀವು ಸ್ವಲ್ಪ ಇಲ್ಲಿ ಕೂತ್ಕೊಳ್ಳಿ."

"ನಂದೇನಿಲ್ಲ, ಡಾಕ್ಟ್ರೇ."

"ಕೂತ್ಕೊಳ್ಳಿ."

ಸೂಜಿಯಂಥ ಸಲಾಕೆಯನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸುತ್ತ ಡಾಕ್ಟರಮ್ಮ ಒಸಡು ಬಿಟ್ಟುಕೊಂಡ ಆಳವನ್ನು ಮಿಲಿಮೀಟರಿನಲ್ಲಿ ಒಂದೊಂದೇ ಅಂಕಿಯಾಗಿ ಹೇಳಿದಳು. ಸಹಾಯಕಿ ಬರೆದುಕೊಂಡಳು. ಮೂರು. ನಾಲ್ಕು. ಐದು. ಮುಂದಿನ ಎರಡು ಹಲ್ಲು ಬಂದಾಗ ಏಳು, ಏಳು. ಅಳತೆ ಅಂದರೆ ಏನೆಂದು ಗುಂಡಿಯಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ರಕ್ತ ಬರುತ್ತೆ ಅಂತ ಅಲ್ಲಿ ಉಜ್ಜೋದೇ ಬಿಟ್ಟಿದೀರಿ, ಅಲ್ವಾ? ಕೊಳೆ ಕೂತಿರೋದಕ್ಕೇ ರಕ್ತ ಬರೋದು, ಅಮ್ಮಾ. ಬಿಟ್ಟಷ್ಟೂ ಜಾಸ್ತಿ" ಎಂದಳು ಡಾಕ್ಟರಮ್ಮ. ಅವತ್ತೇ ಒಸಡಿನ ಒಳಗಿಂದ ಕೆರೆದು ಸ್ವಚ್ಛ ಮಾಡಿದಳು. "ಈ ಎರಡು ಹಲ್ಲು ಉಳಿಯೋದು ಇನ್ನು ನಿಮ್ಮ ಕೈಲಿದೆ. ದಿನಕ್ಕೆರಡು ಸಲ ಬ್ರಷ್ಷು, ಆಮೇಲೆ ಎರಡೆರಡು ನಿಮಿಷ ಫ್ಲಾಸರ್. ನಿಮಗೇ ಅಂತ ಬೇರೆ ಮೂತಿ ಇಟ್ಕೊಳ್ಳಿ. ಮೊದಮೊದಲು ರಕ್ತ ಬಂದ್ರೂ ನಿಲ್ಲಿಸಬೇಡಿ. ಹಲ್ಲಿನ ಕಚ್ಚು ನೋಡಿದ್ರೇ ಗೊತ್ತಾಗುತ್ತೆ, ಸೂಜಿ ಕಚ್ಚೋದು, ನೂಲು ಕಡಿಯೋದು ಬಂದ್. ಆರು ವಾರ ಬಿಟ್ಟು ಬನ್ನಿ."

ಬಸ್ಸಿನಲ್ಲಿ ಮೇಷ್ಟ್ರು ಪೂರ್ತಿ ದಾರಿ ತಮ್ಮ ಶಿಸ್ತಿನ ಬಗ್ಗೆಯೇ ಮಾತಾಡಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರದು ಮುಗಿಸಿ, ತನ್ನ ಮೂತಿ ಸಿಕ್ಕಿಸಿ, ಅವಳು ಕನ್ನಡಿಯ ಮುಂದೆ ನಿಂತಳು. ಗುಂಡಿ ಒತ್ತಿ ಮೇಲಿನ ಸಾಲು ಅರ್ಧ ಮುಟ್ಟಿರಲಿಲ್ಲ, "ಲೇ, ಹಾಲು!" ಎಂದು ಮೇಷ್ಟ್ರು ಕೂಗಿದರು. ಅವರು ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದರು. ಅವಳು ಬಾಯಿ ತುಂಬ ಕೆಂಪು ನೀರು ಇಟ್ಟುಕೊಂಡು ಓಡಿದಳು. ಸಂಜೆ ನರ್ಸಿಂಗ್ ಶಾಲೆಯ ಹುಡುಗಿ ಅಳತೆ ಕೊಡಲು ಬಂದಳು. ಮಾರನೆಯ ದಿನ ಮಗಳಿಗೆ ತಡವಾಗಿ ಬಚ್ಚಲು ಅವಳಿಗೇ ಬೇಕಾಯಿತು. ಅದರ ಮಾರನೆಯ ದಿನ ತೋಳಿಲ್ಲದ ಇಪ್ಪತ್ತು ಕೋಟುಗಳಿಗೆ ತೋಳು ಕೂಡಿಸುವುದಿತ್ತು. ಸೂಜಿ ಕಚ್ಚುವಂತಿಲ್ಲ, ಒಂದೊಂದನ್ನೂ ಡಬ್ಬಿಯಿಂದ ತೆಗೆಯಬೇಕು; ಒಂದು ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತಿತ್ತು.

"ಎರಡು ನಿಮಿಷ ಅಲ್ವೇನಮ್ಮಾ?" ಎಂದಳು ಮಗಳು, ಅರ್ಧ ಗಂಟೆ ಬಚ್ಚಲಲ್ಲಿದ್ದು ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತ. "ಎರಡು ನಿಮಿಷ ಯಾರಿಗೆ ಸಿಗಲ್ಲ?"

"ನೀನು ಇವತ್ತು ಅಪ್ಪನ ಹಲ್ಲು ಮಾಡಿಕೊಡು, ನನಗೆ ಸಿಗುತ್ತೆ."

"ಅಯ್ಯಪ್ಪಾ, ಅಪ್ಪನ ಬಾಯೊಳಗೆ ಕೈ ಹಾಕೋದಾ? ನನಗೆ ವಾಕರಿಕೆ ಬರುತ್ತೆ."

"ನನಗೆ ಬರಲ್ವಾ?"

ಮಗಳು ನಕ್ಕಳು. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಳು.

ಮೇಷ್ಟ್ರಿಗೂ ಒಮ್ಮೆ ಹೇಳಿ ನೋಡಿದಳು. "ರೀ, ನಿಮ್ಮದು ನೀವೇ ಮಾಡ್ಕೊಂಡ್ರೆ ಆ ಹೊತ್ತು ನನಗಾಗುತ್ತೆ. ಕೈ ನಡುಗೋದಿಲ್ವಲ್ಲ ನಿಮಗೆ."

"ಬ್ರಿಜ್ ಕೆಟ್ರೆ ಮತ್ತೆ ಹಾಕಿಸೋದು ನೀನಾ? ನಿನ್ನ ಹಲ್ಲಿಗೇನಾಗಿದೆ, ಸೂಜಿ ಕಚ್ಚಿದ ಹಲ್ಲು, ಗಟ್ಟಿ ಇರುತ್ತೆ ಬಿಡು" ಎಂದು ಅವರು ಪೇಪರು ಮಡಿಸಿದರು.

ಅಳತೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳು ಬಟ್ಟೆಗೆ ಗುರುತು ಹಾಕುವ ಬಣ್ಣದ ಪೆನ್ಸಿಲಿನಿಂದ ಗೀಟು ಹಾಕುತ್ತ ಬಂದಳು. ಎರಡು ನಿಮಿಷ ಪೂರ್ತಿಯಾದರೆ ಮಾತ್ರ ಒಂದು ಗೀಟು. ಸಾಲಾಗಿ ನಾಲ್ಕು ದಿನ ಸಿಕ್ಕ ವಾರ ರಕ್ತ ಕಡಿಮೆಯಾಗಿದ್ದು ಅವಳಿಗೆ ಕಣ್ಣಾರೆ ಕಂಡಿತು. ಉಗುಳಿದ ನೀರು ಬರಿ ನೀರಾಗಿತ್ತು. ಅವತ್ತು ಕನ್ನಡಿಯಲ್ಲಿ ತುಟಿ ಎತ್ತಿ ಬಹಳ ಹೊತ್ತು ನೋಡಿಕೊಂಡಳು. ಮುಂದಿನ ವಾರ ಮೇಷ್ಟ್ರಿಗೆ ಜ್ವರ ಬಂತು, ಮಗಳು ಅಂಗಡಿಯ ಲೆಕ್ಕಪತ್ರಕ್ಕೆಂದು ಬೇಗ ಹೋಗಿ ತಡವಾಗಿ ಬರುವ ದಿನಗಳು ಬಂದವು, ಗೀಟು ಒಂದೂ ಬೀಳಲಿಲ್ಲ. ಐದನೆಯ ವಾರ ಬಲಗಡೆಯ ಹಲ್ಲಿನ ಬುಡ ಊದಿಕೊಂಡಿತು. ಒತ್ತಿದರೆ ಕೀವು.

ಆರನೆಯ ವಾರ ಡಾಕ್ಟರಮ್ಮನ ಸಲಾಕೆ ಮತ್ತೆ ಇಳಿಯಿತು. ಒಂಬತ್ತು. ಹತ್ತು. ಬೆರಳಿನಿಂದ ಅಲುಗಾಡಿಸಿದರೆ ಎರಡೂ ಹಲ್ಲು ಒಟ್ಟಿಗೇ ಅಲುಗಿದವು.

"ದಿನಾ ಮಾಡಿದ್ರಾ, ಅಮ್ಮಾ?"

"ಮಾಡ್ತಾಳೆ, ಮಾಡ್ತಾಳೆ" ಎಂದರು ಮೇಷ್ಟ್ರು ಪಕ್ಕದ ಕುರ್ಚಿಯಿಂದ. "ಪಂಪು ಮನೇಲೇ ಇದೆಯಲ್ಲ."

ಗುಂಡಿಯಮ್ಮ ಬಾಯೊಳಗಿನ ಕನ್ನಡಿ ಹೊರಬರುವವರೆಗೆ ಕಾದಳು. "ಆರು ವಾರಕ್ಕೆ ಎಂಬತ್ನಾಲ್ಕು ಸಲ ಆಗ್ಬೇಕಿತ್ತು, ಡಾಕ್ಟ್ರೇ. ಎಂಬತ್ನಾಲ್ಕೂ ಮಾಡಿದೀನಿ, ಜ್ವರದಲ್ಲೂ ಬಿಟ್ಟಿಲ್ಲ. ಅದು ಅವರ ಬಾಯಿಗೆ. ನನ್ನ ಬಾಯಿಗೆ ಹತ್ತೊಂಬತ್ತು."

ಡಾಕ್ಟರಮ್ಮ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಗೋಡೆಯ ಮೇಲಿನ ದವಡೆಯ ಚಿತ್ರವನ್ನು ನೋಡಿದರು. "ಬಣ್ಣ ಸರಿ ಹಾಕಿಲ್ಲ" ಎಂದರು.

ಎರಡು ಹಲ್ಲನ್ನೂ ಕೀಳಲೇಬೇಕಾಯಿತು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವು ಹೆಚ್ಚುಕಡಿಮೆ ತಾವಾಗಿಯೇ ಬಂದವು. ಬಾಯಿಗೆ ಹತ್ತಿ ಕಚ್ಚಿಸಿ ಡಾಕ್ಟರಮ್ಮ ಹೇಳಿದಳು: ಒಂದು ಗಂಟೆ ಬಾಯಿ ಬಿಡಬಾರದು, ಇವತ್ತು ಮುಕ್ಕಳಿಸಬಾರದು, ಮನೆಗೆ ಹೋಗಿ ಮಲಗಬೇಕು. ಹೊರಗೆ ಕಳಿಸುವಾಗ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು. "ಪಕ್ಕದ ಎರಡರದ್ದೂ ಐದಿದೆ, ಅಮ್ಮಾ."

ಮನೆಗೆ ಬಂದು ಅವಳು ಹಾಸಿಗೆಯ ಮೇಲೆ ಉರುಳಿಕೊಂಡಳು. ಮೇಷ್ಟ್ರು ಬೆಳಗಿನ ಅನ್ನ ತಾವೇ ಬಡಿಸಿಕೊಂಡು ಉಂಡರು, ತಟ್ಟೆ ಅಲ್ಲೇ ಬಿಟ್ಟರು. ಆಮೇಲೆ ಬಚ್ಚಲಿನ ದೀಪ ಹಾಕಿದ ಸದ್ದು. "ಏನೇ," ಎಂದು ಕೂಗಿದರು, "ಇದಕ್ಕೆ ನೀರು ಎಲ್ಲಿ ಹಾಕೋದು?"

ಅವಳು ಎದ್ದು ಹೋದಳು. ಬಾಯಿ ಬಿಡುವಂತಿರಲಿಲ್ಲ. ಪಂಪಿನ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತೋರಿಸಿದಳು.

"ತೋರಿಸೋದು ಬೇಡ, ಹಾಕಿಕೊಡು."

ಅವಳು ಮತ್ತೆ ಅದೇ ಮುಚ್ಚಳ ತೋರಿಸಿದಳು. ಮೇಷ್ಟ್ರು ಚೊಂಬು ಹಿಡಿದುಕೊಂಡು ಅವಳ ಮುಖ ನೋಡುತ್ತ ನಿಂತರು. ಹತ್ತಿಯ ಅಂಚಿನಿಂದ ತುಟಿಗೆ ರಕ್ತ ಇಳಿಯುತ್ತಿತ್ತು. ಅವಳು ಅದನ್ನು ಸೆರಗಿನಿಂದ ಒತ್ತಿಕೊಂಡು ವಾಪಸು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಪಂಪಿನ ಸದ್ದು ಅವತ್ತು ಕೇಳಲಿಲ್ಲ.