ತೀರ್ಥಪ್ಪನವರ ಮನೆ ಗಾಡಿ ಕೆಟ್ಟಿದ್ದು

ಪಂಚನಹಳ್ಳಿಯ ತೀರ್ಥಪ್ಪನವರು ಸೈಕಲ್ ಬಿಟ್ಟರೆ ಬೇರೇನೂ ತುಳಿದವರಲ್ಲ. ಆದರೂ ಮನೆಯ ಏಳು ಸೀಟಿನ ಗಾಡಿ ಅವರ ಹೆಸರಿನಲ್ಲಿತ್ತು, ಶೋರೂಮಿನಲ್ಲಿ ಬರೆಸಿದ ಫೋನ್ ನಂಬರೂ ಅವರದೇ. ತೋಟದ ಖಾತೆ, ಕರೆಂಟ್ ಮೀಟರು, ಗ್ಯಾಸು, ಎಲ್ಲಕ್ಕೂ ಅದೇ ಒಂದು ನಂಬರು. ಯಜಮಾನ ಗಟ್ಟಿಮುಟ್ಟಾಗಿರುವಾಗ ಇನ್ನೊಬ್ಬರ ನಂಬರ್ ಕೊಡೋದುಂಟೇ? ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಮೇಲೆ ಮೊಣಕೈ ಊರಿ, "ನಿಧಾನ, ಮುಂದೆ ಹಂಪ್ ಇದೆ" ಅನ್ನೋದಷ್ಟೇ ಅವರ ಡ್ರೈವಿಂಗು.

ನಿಜಕ್ಕೂ ಓಡಿಸುತ್ತಿದ್ದವಳು ಸೊಸೆ ಸುಮನಾ. ಮಗ ಗುರುಮೂರ್ತಿ ಕೊಬ್ಬರಿ ವ್ಯಾಪಾರ ಅಂತ ಲಾರಿಗಳ ಹಿಂದೆ ಅಲೆಯುವವನು, ಮನೆಗೆ ಸಿಕ್ಕರೆ ಪುಣ್ಯ. ಸುಮನಾ ಬುಕ್ಕಾಂಬುಧಿಯ ಹುಡುಗಿ. ಅವಳಪ್ಪ ಪ್ರಕಾಶಪ್ಪ ಮದುವೆಗೆ ಮುಂಚೆಯೇ ತಮ್ಮ ಹಳೇ ಜೀಪಿನಲ್ಲಿ ಮಗಳಿಗೆ ಡ್ರೈವಿಂಗ್ ಕಲಿಸಿದ್ದರು. ಅತ್ತೆಯ ಮಂಡಿನೋವಿಗೆ ಕಡೂರಿನ ಡಾಕ್ಟರು, ಮಠದ ಕಾರ್ಯ, ನೆಂಟರ ಮದುವೆ, ಎಲ್ಲಕ್ಕೂ ಅವಳೇ. ತೀರ್ಥಪ್ಪನವರಿಗೆ ಇದು ಒಳಗೊಳಗೇ ಹೆಮ್ಮೆ. ಆದರೆ ಬಾಯಿಬಿಟ್ಟು ಹೇಳಿದವರಲ್ಲ. ನಮ್ಮ ಕಡೆ ಯಜಮಾನರು ಬಾಯಿಬಿಡೋದು ಬೈಯೋದಕ್ಕೆ ಮಾತ್ರ ತಾನೇ.

ಒಂದು ಬೆಳಿಗ್ಗೆ ಆ ನಂಬರಿಗೆ ಫೋನ್ ಬಂತು. ಶೋರೂಮಿನ ಹುಡುಗಿ. ಗಾಡಿಯಲ್ಲಿ ಆಲ್ಟರ್ನೇಟರ್ ಅಂತ ಒಂದು ಭಾಗ ಇದೆ, ಇಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟ್ ತುಂಬೋದು ಅದೇ, ನಿಮ್ಮ ಗಾಡಿಯ ಜೊತೆ ತಯಾರಾದ ಗಾಡಿಗಳಲ್ಲೆಲ್ಲ ಅದು ಕೆಡ್ತಿದೆ, ಕಂಪನಿ ಎಲ್ಲವನ್ನೂ ವಾಪಸ್ ಕರೆಸಿ ಪುಕ್ಕಟೆ ಬದಲಾಯಿಸಿ ಕೊಡ್ತಿದೆ, ಬೇಗ ತಂದುಬಿಡಿ ಅಂದಳು. ಪುಕ್ಕಟೆ ಅಂದದ್ದೇ ತಡ, ತೀರ್ಥಪ್ಪನವರ ಕಿವಿ ನೆಟ್ಟಗಾಯಿತು. ಫೋನಿನಲ್ಲಿ ಮೋಸ ಮಾಡೋರ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವರೇ ಅವರು. ಗಾಡಿ ನಂಬರು ಒಂದ್ಸಲ ಹೇಳಿ ಸಾರ್ ಅಂತ ಅವಳು ಕೇಳಿದ ಮೇಲಂತೂ ಮುಗೀತು. ಅವಳ ಅಪ್ಪ ಅಮ್ಮನನ್ನೂ ಸೇರಿಸಿ ಬೈದು, ಫೋನ್ ಕಟ್ ಮಾಡಿ, ನಂಬರನ್ನು ಬ್ಲಾಕ್ ಮಾಡಿಸಿದರು. ಮಧ್ಯಾಹ್ನ ಊಟಕ್ಕೆ ಕೂತು ಮನೆಯವರಿಗೆಲ್ಲ ಈ ಪರಾಕ್ರಮ ಹೇಳಿದ್ದಾಯಿತು. ಸಂಜೆ ಅಂಗಡಿ ಜಗಲಿಗೆ ಬರುವಷ್ಟರಲ್ಲಿ ಕಥೆಗೆ ಪೊಲೀಸರೂ ಬಂದು ಸೇರಿಕೊಂಡಿದ್ದರು.

ಆಮೇಲೆ ಅಜ್ಜಂಪುರದಲ್ಲಿ ನೆಂಟರ ಮನೆ ನಿಶ್ಚಿತಾರ್ಥ ಬಂತು. ಬೀರೂರು ದಾಟಿದ ಮೇಲೆ ಸುಮನಾ ವೇಗ ಇಳಿಸಿ, ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿದೆ ಮಾವ, ಹಿಂದಕ್ಕೆ ಹೋಗಿ ಯಾರಿಗಾದರೂ ತೋರಿಸೋಣ ಅಂದಳು. ಶುಭಕಾರ್ಯಕ್ಕೆ ಹೊರಟವರು ಹಿಂದಕ್ಕೆ ತಿರುಗೋದೇ? ನಡಿ, ಏನೂ ಆಗಲ್ಲ ಅಂದರು ತೀರ್ಥಪ್ಪನವರು. ಸ್ವಲ್ಪ ದೂರ ಹೋಗೋದರಲ್ಲಿ ಸ್ಟೇರಿಂಗ್ ಬಿಗಿಯಾಯಿತು, ಇಂಜಿನ್ ಸತ್ತಿತು, ಗಾಡಿ ನಡುರಸ್ತೆಯಲ್ಲಿ ಕೂತಿತು. ಇಸ್ತ್ರಿ ಮಾಡಿದ ಪಂಚೆ ಎತ್ತಿ ಕಟ್ಟಿ ಅವರೂ ತಳ್ಳಿದರು. ಅದೇ ಹೊತ್ತಿಗೆ ಅದೇ ನಿಶ್ಚಿತಾರ್ಥಕ್ಕೆ ಹೊರಟ ನೆಂಟರ ಗಾಡಿಗಳು ಒಂದೊಂದಾಗಿ ಪಕ್ಕದಲ್ಲಿ ಹಾದುಹೋದವು. ಒಳಗಿದ್ದವರು ಕೈ ಬೀಸಿದರು, ಕೆಲವರು ನಕ್ಕರು.

ಕಡೆಗೆ ಯಾರದೋ ಟೆಂಪೋ ಹತ್ತಿ ಛತ್ರ ಮುಟ್ಟಿದಾಗ ಊಟದ ಪಂಕ್ತಿ ಎದ್ದಿತ್ತು. ಯಾಕೆ ತಡ ಅಂತ ಎಲ್ಲರೂ ಕೇಳೋರೇ. ಅಲ್ಲೇ ಬೀಗರು ಪ್ರಕಾಶಪ್ಪನೂ ಇದ್ದರು. ನಾಲಿಗೆಗೆ ಎಲುಬಿಲ್ಲ ನೋಡಿ, ತೀರ್ಥಪ್ಪನವರು ಅಷ್ಟು ಜನರ ನಡುವೆ ಅಂದೇಬಿಟ್ಟರು: "ಹೆಂಗಸಿನ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ? ನಿಮ್ಮ ಮಗಳು ಹೊಸ ಗಾಡಿ ಕೆಡಿಸಿ ಕೂರಿಸಿದ್ಲು ಬೀಗ್ರೇ."

ಪ್ರಕಾಶಪ್ಪ ಏನಾಯಿತು, ಹೇಗಾಯಿತು ಅಂತ ಒಂದು ಮಾತು ಕೇಳಲಿಲ್ಲ. ಹೆಣ್ಣು ಕೊಟ್ಟವರು ಕೇಳೋದಿಲ್ಲ. ತಪ್ಪಾಯ್ತು ಬೀಗ್ರೇ, ಕಲಿಸಿದ ತಪ್ಪು ನನ್ನದು ಅಂತ ತಲೆ ತಗ್ಗಿಸಿದರು. ಆಮೇಲೆ ಛತ್ರದ ಹಿಂದುಗಡೆ ಕೈ ತೊಳೆಯೋ ಜಾಗದಲ್ಲಿ ನಿಂತು ಮಗಳಿಗೆ ಏನೇನೋ ಅಂದರು. ಸುಮನಾ ಕಣ್ಣು ಒರೆಸಿಕೊಂಡು ಒಳಗೆ ಬಂದದ್ದನ್ನು ತೀರ್ಥಪ್ಪನವರು ನೋಡಿದರು. ನೋಡಿ, ಎಲೆಯಡಿಕೆ ತಟ್ಟೆ ಕಡೆ ತಿರುಗಿದರು.

ಕಡೂರಿನಲ್ಲಿ ಒಬ್ಬರು ಆಲ್ಟರ್ನೇಟರ್ ಬಿಚ್ಚಿ ಅಷ್ಟಿಷ್ಟು ರಿಪೇರಿ ಮಾಡಿಕೊಟ್ಟರು. ಗಾಡಿ ಸರಿಹೋಯಿತು, ಕೀ ಮಾತ್ರ ಸೊಸೆಯ ಕೈಗೆ ಬರಲಿಲ್ಲ, ಮಾವನ ಜೇಬು ಸೇರಿತು. ಸುಮನಾ ಮಂಡಿನೋವಿನ ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಇಳಿಸಿ ಕರೆದುಕೊಂಡು ಹೋಗಿ ಬಂದಳು. ಆಯಮ್ಮ ಮೆಟ್ಟಿಲ ಮೇಲೆ ನರಳುವಾಗಲೂ ಗಾಡಿ ಹುಣಸೆ ಮರದಡಿ ತಣ್ಣಗೆ ನಿಂತಿರುತ್ತಿತ್ತು.

ಹೀಗಿರುವಾಗ ತರೀಕೆರೆಗೆ ಹೋಗುವ ದಾರಿಯಲ್ಲಿ ಅದು ಎರಡನೇ ಸಲ ಕೆಟ್ಟಿತು. ಅದೇ ಕೆಂಪು ದೀಪ, ಅದೇ ಸ್ಟೇರಿಂಗ್ ಬಿಗಿ. ಈ ಸಲ ಓಡಿಸುತ್ತಿದ್ದವನು ಗುರುಮೂರ್ತಿ, ಹೆಂಗಸಲ್ಲ. ತೀರ್ಥಪ್ಪನವರು ಬಾಯಿ ತೆರೆದು, ಬೈಯೋಕೆ ಯಾರೂ ಸಿಗದೆ, ಮುಚ್ಚಿಕೊಂಡರು. ತರೀಕೆರೆಯಲ್ಲಿದ್ದ ತಮ್ಮನ ಮಗ ಬಸವೇಶ್ ತನ್ನ ಗಾಡಿ ತಂದ. ಬಂದವನೇ, ಇದು ಇಂಥ ಗಾಡಿಗಳಿಗೆಲ್ಲ ಇರೋ ಕಾಯಿಲೆ, ನಮ್ಮ ಪಕ್ಕದ ಮನೆಯವರದ್ದೂ ಹೀಗೇ ಆಗಿ ಕಂಪನಿಯೋರೇ ಬದಲಾಯಿಸಿಕೊಟ್ರು ಅಂದ. "ಎಲ್ರಿಗೂ ಫೋನ್ ಮಾಡಿ ಕರೀತಿದಾರಲ್ಲ ದೊಡ್ಡಪ್ಪ, ನಿಮಗೆ ಬರ್ಲಿಲ್ವಾ?"

"ಇಲ್ವಲ್ಲ," ಅಂದರು ತೀರ್ಥಪ್ಪನವರು.

ಶೋರೂಮಿನ ಹುಡುಗಿಯ ಆ ಫೋನು ಆಗಲೇ ನೆನಪಾಗಿತ್ತು. ಅವಳನ್ನು ಬೈದದ್ದು ತಿಳಿಯದೆ ಆದದ್ದು, ಸರಿ. ಇದು ತಿಳಿದೂ ಆಡಿದ ಸುಳ್ಳು. ಬಿಸಿತುಪ್ಪ ಬಾಯಲ್ಲಿ ಹಾಕಿಕೊಂಡವರಂತೆ ನುಂಗಲಾರದೆ ಉಗುಳಲಾರದೆ ಮನೆಗೆ ಬಂದರು. ಸೊಸೆ ನೀರು ತಂದುಕೊಟ್ಟಳು. ಅವಳ ಮುಖ ನೋಡಲಾಗಲಿಲ್ಲ. ಹೇಳಿಬಿಡಬೇಕು ಅನ್ನಿಸುತ್ತಿತ್ತು, ಈ ವಯಸ್ಸಿನಲ್ಲಿ ಸೊಸೆಯ ಮುಂದೆ ತಪ್ಪಾಯ್ತು ಅನ್ನೋದು ಹೇಗೆ ಅನ್ನೋದೂ ಜೊತೆಗೇ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಮನೆಯಲ್ಲಿ ಯಾರ ಫೋನು ಹೊಡೆದುಕೊಂಡರೂ ಅವರು ಬೆಚ್ಚುತ್ತಿದ್ದರು.

ಗುರುಮೂರ್ತಿ ಗಾಡಿಯನ್ನು ಎಳೆಸಿ ಶೋರೂಮಿಗೆ ತಲುಪಿಸಿದ. ದೀಪ ಹತ್ತಿದ್ದನ್ನು ಮೊದಲು ಕಂಡವಳು ನೀನು, ನೀನೇ ವಿವರ ಹೇಳು ಅಂತ ಸುಮನಾಳನ್ನೂ ಹೊರಡಿಸಿದ. ಗಾಡಿ ಯಾರ ಹೆಸರಲ್ಲಿದೆಯೋ ಅವರು ಬರಲೇಬೇಕಿತ್ತು, ತೀರ್ಥಪ್ಪನವರೂ ಹೋದರು. ಹೊಸ ಆಲ್ಟರ್ನೇಟರ್ ಕೂರಿಸಿ ಆಗಿತ್ತು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ಮುಂಚೆಯೇ ತಂದಿದ್ದರೆ ಇಷ್ಟೆಲ್ಲ ತೊಂದರೆ ಇರುತ್ತಿರಲಿಲ್ಲ, ನಾವು ಫೋನ್ ಮಾಡಿದ್ದೆವು ಅಂದಳು. "ಯಾರೋ ಯಜಮಾನ್ರು ಎತ್ತಿದ್ರು ಸಾರ್. ತುಂಬಾ ಬೈದ್ರು."

ಗುರುಮೂರ್ತಿ ಅಪ್ಪನ ಕಡೆ ತಿರುಗಿದ. ಊಟಕ್ಕೆ ಕೂತು ಕೇಳಿದ ಆ ಪರಾಕ್ರಮ ಅವನಿಗೂ ನೆನಪಿತ್ತು, ಸುಮನಾಗೂ ನೆನಪಿತ್ತು. ತೀರ್ಥಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಮ್ಮನೇಲಿ ಆ ಫೋನು ಯಾರ್ಯಾರೋ ಎತ್ತುತಾರೆ ಮೇಡಂ," ಅಂದಳು ಸುಮನಾ. "ಗೊತ್ತಿಲ್ದೆ ಅಂದಿರ್ತಾರೆ, ಬೇಜಾರ್ ಮಾಡ್ಕೋಬೇಡಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಇದನ್ನು ತಡೆಯೋಕೆ ಅವರಿಂದ ಆಗಲಿಲ್ಲ. ಹೊರಗೆ ಬಂದವರೇ ಕೀ ತೆಗೆದು ಸೊಸೆಯ ಮುಂದೆ ಹಿಡಿದು, ನೀನೇ ಓಡಿಸಮ್ಮ ಅಂದರು.

"ಬೇಡ ಮಾವ. ಇನ್ನು ಸ್ಟೇರಿಂಗ್ ಮುಟ್ಟಲ್ಲ ಅಂತ ಅಪ್ಪ ಆಣೆ ಹಾಕಿಸ್ಕೊಂಡಿದಾರೆ. ಅವತ್ತು ಛತ್ರದಲ್ಲೇ."

ತೀರ್ಥಪ್ಪನವರಿಗೆ ಅದು ತಿಳಿದಿರಲಿಲ್ಲ. ಕೀ ಮಗನಿಗೆ ಕೊಟ್ಟು, ಬುಕ್ಕಾಂಬುಧಿಗೆ ನಡಿ ಅಂದರು. ದಾರಿಯುದ್ದಕ್ಕೂ ಹಂಪ್ ಇದೆ ಅಂತ ಒಮ್ಮೆಯೂ ಅನ್ನಲಿಲ್ಲ.

ಬೀಗರು ಹೇಳದೆ ಕೇಳದೆ ಬಂದದ್ದು ಕಂಡು ಪ್ರಕಾಶಪ್ಪ ಗಾಬರಿಯಾದರು. ಚಾಪೆ ಹಾಸಿದರು, ಕೈಕಾಲಿಗೆ ನೀರು ಕೊಟ್ಟರು, ಮಗಳು ಮತ್ತೇನಾದರೂ ಮಾಡಿದಳೇ ಅಂತ ಸಣ್ಣ ದನಿಯಲ್ಲಿ ಕೇಳಿದರು. ತೀರ್ಥಪ್ಪನವರು ಕೂರಲಿಲ್ಲ.

"ನಿಮ್ಮ ಮಗಳು ಏನೂ ಮಾಡಿಲ್ಲ ಬೀಗ್ರೇ," ಅಂದರು. "ಕಂಪನಿಯೋರು ಮುಂಚೇನೇ ಫೋನ್ ಮಾಡಿ ಹೇಳಿದ್ರು. ನಾನು ಬೈದು ಕಟ್ ಮಾಡ್ದೆ. ದೀಪ ಹತ್ತಿದಾಗ ಅವಳು ಹಿಂದಕ್ಕೆ ಹೋಗೋಣ ಅಂದ್ಲು, ನಾನೇ ನಡಿ ಅಂದೆ. ಗೊತ್ತಾದ್ಮೇಲೂ ಸುಳ್ಳು ಹೇಳ್ದೆ. ತಪ್ಪು ನಂದು."

ಹೇಳಿದ ಮೇಲೆ ಎದೆ ಹಗುರಾಗುತ್ತೆ ಅಂದುಕೊಂಡಿದ್ದರು. ಹೋಗಲಿ ಬಿಡಿ ಬೀಗ್ರೇ ಅಂತ ಪ್ರಕಾಶಪ್ಪ ಅಂದುಬಿಡುತ್ತಾರೆ, ಕಾಫಿ ಬರುತ್ತೆ ಅಂತಲೂ ಇತ್ತು. ಆದರೆ ಪ್ರಕಾಶಪ್ಪ ಅವರ ಕಡೆ ನೋಡಲೇ ಇಲ್ಲ. ಬಾಗಿಲ ಹತ್ತಿರ ನಿಂತಿದ್ದ ಮಗಳನ್ನು ನೋಡುತ್ತಿದ್ದರು.

"ದೀಪ ಹತ್ತಿತ್ತು, ನಾನು ಹೇಳ್ದೆ ಅಪ್ಪಾ ಅಂತ ಅವತ್ತು ಎಷ್ಟು ಅತ್ತೆ ನೀನು," ಅಂದರು. "ಬೀಗರು ಸುಳ್ಳಾಡ್ತಾರಾ ಅಂತ ನಾನು ಕೈ ಮಾಡ್ಬಿಟ್ಟೆ ಕಣಮ್ಮಾ."

ಸುಮನಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳಪ್ಪ ಹಿಂದೆಯೇ ಹೋದರು. ತೀರ್ಥಪ್ಪನವರು ಜಗಲಿಯ ಮೇಲೆ ನಿಂತೇ ಇದ್ದರು. ಯಾರೂ ಅವರಿಗೆ ಕೂತ್ಕೊಳ್ಳಿ ಅನ್ನಲಿಲ್ಲ.