ಮೊಳೆಗೆ ತೂಗುಹಾಕಿದ ಶೀಟು

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ‘ಕವಿಗಳು’ ಎಂದೇ ಕರೆಯುತ್ತಿದ್ದರು. ಪಾಪ, ಅವನು ಜನ್ಮದಲ್ಲಿ ಒಂದು ಪದ್ಯ ಬರೆದವನಲ್ಲ. ಬರೆಯುತ್ತಿದ್ದದ್ದು ಕಾದಂಬರಿ, ಅದೂ ಹನ್ನೊಂದು ವರ್ಷವಾದರೂ ನಲವತ್ತನೆಯ ಪುಟ ದಾಟದ ಕಾದಂಬರಿ. ಕೆಲಸ ಟೈಮ್‌ಕೀಪರನದು. ಯಾವ ಬಸ್ಸು ಎಷ್ಟು ಹೊತ್ತಿಗೆ ಗೇಟು ದಾಟಬೇಕು, ಯಾವ ಡ್ರೈವರು ಯಾವ ಬಸ್ಸಿಗೆ ಎಂದು ಊರಿಗೆಲ್ಲ ಹೊತ್ತು ಹಂಚುವವನಿಗೆ ತನ್ನದು ಅಂತ ಒಂದು ಗಂಟೆ ಸಿಗುತ್ತಿರಲಿಲ್ಲ.

ಪ್ರಯತ್ನ ಪಡಲಿಲ್ಲ ಅಂತಲ್ಲ. ಊಟ ಮುಗಿಸಿ ಕೂತರೆ ಎರಡನೇ ಸಾಲಿಗೇ ತೂಕಡಿಕೆ. ಭಾನುವಾರ ಕೂತರೆ ಭಾವಮೈದುನ ಸಂಸಾರ ಸಮೇತ ಹಾಜರು. ಮನೆಯಲ್ಲಿದ್ದ ಒಂದೇ ಮೇಜನ್ನು ಹೆಂಡತಿಯ ಹೊಲಿಗೆ ಮಿಷನ್ನು ಆಕ್ರಮಿಸಿಕೊಂಡಿತ್ತು. ಡಿಪೋದಲ್ಲಿ ಪುಸ್ತಕ ತೆರೆದರೆ ಕೌಂಟರಿನ ಕಿಂಡಿಯಲ್ಲಿ ಒಂದು ತಲೆ ತೂರಿ, “ಸಾರ್, ನಾಳೆ ನಂಗೆ ಸಂಜೆ ಡ್ಯೂಟಿ ಹಾಕ್ಬೇಡಿ” ಎನ್ನುತ್ತಿತ್ತು. ಕಥಾನಾಯಕಿ ಆರು ತಿಂಗಳು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾ ಅನ್ನುವುದಕ್ಕೆ ಇವನಿಗೆ ಪುರುಸೊತ್ತಿರಲಿಲ್ಲ.

ಕೊನೆಗೆ ಕಣ್ಣಿಗೆ ಬಿದ್ದದ್ದು ಬೆಳಗಿನ ಐದರಿಂದ ಆರು. ಆ ಗಂಟೆಯಲ್ಲಿ ಹೊರಡುವುದು ಮೂರೇ ಬಸ್ಸು. ನಿಯಮದ ಪ್ರಕಾರ ಟೈಮ್‌ಕೀಪರು ಡ್ರೈವರನ್ನು ಎದುರಿಗೆ ನಿಲ್ಲಿಸಿಕೊಂಡು ಕಣ್ಣು ನೋಡಬೇಕು, ನಿದ್ದೆ ಆಯಿತಾ, ಮೈ ನೆಟ್ಟಗಿದೆಯಾ ಎಂದು ಕೇಳಬೇಕು, ಆಮೇಲೆ ಲಾಗ್‌ಶೀಟಿಗೆ ಸಹಿ ಹಾಕಿ ಕೈಗೆ ಕೊಡಬೇಕು. ಇವನು ಹಿಂದಿನ ದಿನವೇ ಮೂರಕ್ಕೂ ಸಹಿ ಹಾಕಿ, ಕೌಂಟರಿನ ಪಕ್ಕದ ಮೊಳೆಗೆ ತೂಗುಹಾಕಿ ಮನೆಗೆ ಹೋಗತೊಡಗಿದ. ಬೆಳಿಗ್ಗೆ ಬಂದವನೇ ಹಳೆಯ ರಿಜಿಸ್ಟರುಗಳ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರೆ ಆರರವರೆಗೆ ಹೊರಗೆ ಬರುತ್ತಿರಲಿಲ್ಲ. ಡ್ರೈವರುಗಳಿಗೂ ಸಲೀಸಾಯಿತು. ಕವಿಗಳು ಬರೀತಿದ್ದಾರೆ, ಸದ್ದು ಮಾಡಬೇಡಿ ಎಂದು ನಗುತ್ತಾ ಶೀಟು ಕಿತ್ತುಕೊಂಡು ಹೋಗುತ್ತಿದ್ದರು. ಐದು ತಿಂಗಳಲ್ಲಿ ನೂರಾ ಅರವತ್ತು ಪುಟವಾಯಿತು. ಇವನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಐದೂ ಹತ್ತರ ಬಸ್ಸಿನ ಡ್ರೈವರು ಶಿಳ್ಳೆ. ರಿವರ್ಸ್ ತೆಗೆಯುವಾಗ ಕಂಡಕ್ಟರಿಗೂ ಮುಂಚೆ ತಾನೇ ಶಿಳ್ಳೆ ಹಾಕುತ್ತಿದ್ದನೆಂದು ಆ ಹೆಸರು. ಒಂದು ಬೆಳಿಗ್ಗೆ ಅವನು ಶೀಟು ತೆಗೆದುಕೊಂಡು ಹೋಗದೆ ಕೋಣೆಯ ಬಾಗಿಲು ತಟ್ಟಿದ. “ಸಾರ್, ಒಂಚೂರು ಬನ್ನಿ” ಅಂದ. ಒಳಗೆ ಒಂದು ಸಾಲು ಆಗಷ್ಟೇ ಕೈಗೆ ಸಿಕ್ಕಿತ್ತು. “ಶೀಟು ಮೊಳೇಲಿದೆ, ತಗೊಂಡು ಹೋಗಪ್ಪ” ಎಂದು ಇವನು ತಲೆ ಎತ್ತದೆ ಹೇಳಿದ. ಮತ್ತೊಮ್ಮೆ ತಟ್ಟಿದ ಸದ್ದಾಯಿತು. ಇವನು ಬರೆಯುತ್ತಲೇ ಇದ್ದ. ಹೆಜ್ಜೆಗಳು ದೂರವಾದವು.

ಐದೂ ಮುಕ್ಕಾಲಿಗೆ ಬಸ್ಸು ತಿರುವಿನಲ್ಲಿ ಸೇತುವೆಯ ಗೋಡೆಗೆ ಗುದ್ದಿತು. ಕಂಡಕ್ಟರನ ಕೈ ಮುರಿಯಿತು, ಬಸ್ಸಲ್ಲಿದ್ದ ನಾಲ್ಕು ಜನ ಪಾರಾದರು. ಶಿಳ್ಳೆ ಸ್ಟೀರಿಂಗಿನ ಮೇಲೆಯೇ ಹೋಗಿಬಿಟ್ಟಿದ್ದ. ವಿಚಾರಣೆಯಲ್ಲಿ ಇವನನ್ನು ಕೇಳಿದ್ದು ಒಂದೇ ಪ್ರಶ್ನೆ: ಡ್ರೈವರನ್ನು ನೋಡಿ ಸಹಿ ಹಾಕಿದಿರಾ? “ನೋಡಿದೆ, ಚೆನ್ನಾಗಿದ್ದ” ಅಂದ. ಡ್ರೈವರು ನಿರ್ಲಕ್ಷ್ಯದಿಂದ ಓಡಿಸಿದ ಎಂದು ಬರೆದು ಫೈಲು ಮುಚ್ಚಿದರು.

ಫೈಲು ಮುಚ್ಚಿದ್ದು ಅವರಿಗೆ, ಇವನಿಗಲ್ಲ. ಈಗ ಶೀಟುಗಳನ್ನು ಕೈಯಾರೆ ಕೊಡುತ್ತಿದ್ದ, ಮುಖ ನೋಡಿಯೇ ಕೊಡುತ್ತಿದ್ದ. ಬಸ್ಸು ಹೋದಮೇಲೆ ಕೋಣೆಗೆ ಬಂದು ಕೂತರೆ ಬಾಗಿಲಾಚೆ ಯಾರೋ ಕಾಲು ಬದಲಿಸಿ ನಿಂತಂತೆ ಕೇಳಿಸುತ್ತಿತ್ತು. ತೆರೆದು ನೋಡಿದರೆ ಯಾರೂ ಇಲ್ಲ. ತೆರೆದಿಟ್ಟುಕೊಂಡೇ ಬರೆದರೆ ಬೆನ್ನ ಹಿಂದಿನ ರಿಜಿಸ್ಟರುಗಳ ಕಡೆಯಿಂದ ಉಸಿರು. ಬರವಣಿಗೆಯೂ ಕೈತಪ್ಪಿತು. ಕಥಾನಾಯಕಿ ಕದ ತೆಗೆದರೆ ಹೊರಗೆ ಖಾಕಿ ಅಂಗಿಯವನು ಕಣ್ಣುಜ್ಜಿಕೊಳ್ಳುತ್ತಾ ನಿಂತಿರುತ್ತಿದ್ದ. ಆ ಪುಟ ಹರಿದರೆ ಮುಂದಿನ ಪುಟದಲ್ಲಿ ಬಂದು ನಿಲ್ಲುತ್ತಿದ್ದ. ಇವನಿಗೆ ಭಯವಾಗುತ್ತಿತ್ತು, ಆದರೂ ಐದು ಗಂಟೆಗೆ ಬಂದು ಕೂರುವುದನ್ನು ಬಿಡಲಾಗಲಿಲ್ಲ.

ಎರಡು ತಿಂಗಳಿಗೆ ಶಿಳ್ಳೆಯ ಹೆಂಡತಿ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಬಂದಳು. “ಅಣ್ಣಾ, ಅವತ್ತು ಅವರನ್ನ ನೋಡಿ ಕಳಿಸಿದ್ದು ನೀವಂತೆ. ಹೇಗಿದ್ರು?” ಅಂದಳು. ನಗ್ತಾ ಇದ್ದ, ನಿದ್ದೆ ಚೆನ್ನಾಗಿ ಆಯ್ತು ಅಂದ ಎಂದು ಇವನು ಹೇಳಿದ. ಮುಂದಿನ ತಿಂಗಳು ಕಾಗದವಿಲ್ಲದೆಯೂ ಬಂದಳು, ಅದೇ ಕೇಳಿದಳು. ಇವನು ಅಂಗಿಯ ತೋಳು ಮಡಚಿದ್ದ ಎಂದು ಸೇರಿಸಿದ. ಅದರ ಮುಂದಿನ ತಿಂಗಳು, ಹೊರಡುವಾಗ ಶಿಳ್ಳೆ ಹಾಕಿದ ಎಂದ. ಕಾದಂಬರಿಗೆ ಬಾರದ ಕೈಚಳಕವೆಲ್ಲ ಈ ಸುಳ್ಳಿಗೆ ಬಂತು, ಅದನ್ನು ನೆನೆದರೆ ಇವನಿಗೇ ಹೇಸಿಗೆಯಾಗುತ್ತಿತ್ತು.

ಎಂಟನೆಯ ಸಲ ಅವಳು ಕೇಳಲಿಲ್ಲ, ಹೇಳಿದಳು.

“ಇನ್ಮೇಲೆ ಬರಲ್ಲ ಅಣ್ಣಾ. ನಿಮ್ಮ ಬಾಯಲ್ಲಿ ಕೇಳ್ದಷ್ಟೂ ಅವರ ಮೇಲೆ ಸಿಟ್ಟು ಜಾಸ್ತಿ ಆಗುತ್ತೆ.”

“ಸಿಟ್ಟಾ? ಯಾಕಮ್ಮ?”

“ಅವತ್ತು ಮೈ ಕೆಂಡದ ಹಾಗೆ ಸುಡ್ತಿತ್ತು. ಹೋಗ್ಬೇಡಿ ಅಂತ ಬಾಗಿಲಿಗೆ ಅಡ್ಡ ನಿಂತೆ. ಟೈಮ್‌ಕೀಪರ್ ಸಾರ್‌ಗೆ ಹೇಳಿ ವಾಪಸ್ ಬರ್ತೀನಿ ಅಂತ ಮಗಳ ತಲೆ ಮುಟ್ಟಿ ಹೇಳಿ ಹೋದ್ರು. ಇಲ್ಲಿಗೆ ಬಂದು ನಿಮ್ಮ ಹತ್ರ ನಕ್ಕರು, ಶಿಳ್ಳೆ ಹಾಕಿದ್ರು. ಮಗಳು ಅಪ್ಪ ಸುಳ್ಳು ಹೇಳಿ ಹೋದ ಅಂತಾಳೆ. ಅವರ ಫೋಟೋ ಗೋಡೆ ಕಡೆ ತಿರುಗಿಸಿಟ್ಟಿದ್ದಾಳೆ. ಅವಳಿಗೆ ನಾನೇನು ಹೇಳ್ಲಿ?”

ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು, ಇವಳು ಇನ್ನು ಬರುತ್ತಲೂ ಇರಲಿಲ್ಲ. ಅಷ್ಟು ಯೋಚನೆ ಬಂದದ್ದು ನಿಜ, ಆ ಯೋಚನೆಗೆ ಇವನು ಆಮೇಲೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

“ನಗ್ಲಿಲ್ಲಮ್ಮ. ನಾನು ಅವನ ಮುಖಾನೇ ನೋಡ್ಲಿಲ್ಲ. ಒಳಗೆ ಬರೀತಾ ಕೂತಿದ್ದೆ. ಬಾಗಿಲು ತಟ್ಟಿ, ಒಂಚೂರು ಬನ್ನಿ ಅಂದ. ನಾನು ಏಳ್ಲಿಲ್ಲ. ಮತ್ತೆ ತಟ್ಟಿದ. ಆಗ್ಲೂ ಏಳ್ಲಿಲ್ಲ.”

ಅವಳು ಕಿಂಡಿಯ ಸರಳು ಹಿಡಿದುಕೊಂಡಳು. ಬೈಯುತ್ತಾಳೆ, ಕೂಗುತ್ತಾಳೆ ಎಂದು ಇವನು ಕಾದ. ಅವಳ ಕಣ್ಣಿಂದ ಒಂದೇ ಸಮನೆ ನೀರು ಇಳಿಯುತ್ತಿತ್ತು.

“ಹೇಳೋದಕ್ಕೇ ಬಂದಿದ್ರು ಹಾಗಾದ್ರೆ,” ಅಂದಳು. “ಎರಡು ಸಲ ತಟ್ಟಿದ್ರು.”

“ಹೂಂ.”

“ಅದನ್ನ ಬರೆದು ಕೊಡಿ. ನನ್ನ ಮಗಳು ಓದ್ಬೇಕು.”

ಇವನು ಒಂದು ಬಿಳಿ ಹಾಳೆ ತೆಗೆದುಕೊಂಡ. ನಾಲ್ಕು ಸಾಲು ಬರೆದ, ಒಂದು ಪದವನ್ನೂ ತಿದ್ದಲಿಲ್ಲ. ಕೆಳಗೆ ಹೆಸರು, ಹುದ್ದೆ ಬರೆದು ಸಹಿ ಹಾಕಿದ. ಅವಳು ನಿಧಾನವಾಗಿ ಓದಿದಳು, ತುಟಿ ಅಲ್ಲಾಡಿಸುತ್ತಾ ಮತ್ತೊಮ್ಮೆ ಓದಿದಳು. ಆಮೇಲೆ ಮ್ಯಾನೇಜರ ಕೋಣೆ ಯಾವುದು ಎಂದು ಕೇಳಿದಳು. ಇವನು ಕೌಂಟರು ಮುಚ್ಚಿ, ಅವಳನ್ನು ಕರೆದುಕೊಂಡು ಹೋಗಿ, ಆ ಬಾಗಿಲನ್ನು ತಾನೇ ತಟ್ಟಿದ.